ಕೋಳಿ ಅಗ್ಗವಾದರೂ ಚಿಕನ್ ಅಗ್ಗವಾಗದೇಕೆ?

2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಜಿಲ್ಲೆಗಳ ಮೆಕ್ಕೆಜೋಳದ ಬೆಳೆಗಾರರು ಬೀದಿಗಿಳಿದಿದ್ದರು. ಕೇಂದ್ರ ಸರ್ಕಾರ ಪ್ರಕಟಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದುದು 1,600ರಿಂದ 1,800 ರೂಪಾಯಿ. ಮಧ್ಯಪ್ರವೇಶ ಕೋರಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಪ್ರಧಾನಿಗೆ ಪತ್ರ ಬರೆದರು. ನಗರವಾಸಿಯ ಪಾಲಿಗೆ ಇದು ದೂರದ ರೈತರ ಸುದ್ದಿಯಾಗಿಯೇ ಉಳಿಯಿತು. ಆದರೆ ಭಾನುವಾರ ಬೆಳಿಗ್ಗೆ ಆತ ಚೀಲ ಹಿಡಿದು ನಿಲ್ಲುವ ಕೋಳಿ ಅಂಗಡಿಗೂ ಆ ಮೆಕ್ಕೆಜೋಳಕ್ಕೂ ನೇರವಾದ ನಂಟಿದೆ. ಮಾಂಸದ ಕೋಳಿ ತಿನ್ನುವ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೆಕ್ಕೆಜೋಳದ್ದೇ.

ಹಾಗಿದ್ದಲ್ಲಿ ಜೋಳ ಅಗ್ಗವಾದಾಗ ಕೋಳಿಮಾಂಸವೂ ಅಗ್ಗವಾಗಬೇಕಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅಗ್ಗವಾಗಬೇಕಾದುದು ನಿಜ. ಎಷ್ಟು ಮತ್ತು ಯಾವಾಗ ಎಂಬುದನ್ನು ಲೆಕ್ಕ ಹಾಕಲು ಕುಳಿತಾಗ ಮಾಂಸದ ಬೆಲೆಯ ಗುಟ್ಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಬೆಲೆ ಏರಿದಾಗಲೆಲ್ಲ ಅಂಗಡಿಯವನನ್ನೋ ದಲ್ಲಾಳಿಯನ್ನೋ ಶಪಿಸುವುದು ನಮ್ಮ ರೂಢಿ. ಆ ಶಾಪದಲ್ಲಿ ಸತ್ಯಾಂಶ ಇಲ್ಲವೆಂದಲ್ಲ, ಆದರೆ ಅದು ಪೂರ್ಣಸತ್ಯವಲ್ಲ.

ಲೆಕ್ಕದ ಕೋಳಿ

ಇಂದಿನ ಬ್ರಾಯ್ಲರ್ ಕೋಳಿ ಒಂದು ಕೆ.ಜಿ. ಜೀವಂತ ತೂಕ ಗಳಿಸಲು ಸುಮಾರು 1.6ರಿಂದ 1.7 ಕೆ.ಜಿ. ಆಹಾರ ತಿನ್ನುತ್ತದೆ. ಅದರಲ್ಲಿ ಸುಮಾರು ಒಂದು ಕೆ.ಜಿ. ಮೆಕ್ಕೆಜೋಳ, ಅರ್ಧ ಕೆ.ಜಿ.ಯಷ್ಟು ಸೋಯಾ ಹಿಂಡಿ. ಕೋಳಿ ಬೆಳೆಸುವ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಶೇ. 60ರಿಂದ 70. ಜೋಳದ ದರ ಕ್ವಿಂಟಲ್‌ಗೆ 700 ರೂಪಾಯಿ ಕುಸಿಯಿತೆಂದರೆ ಜೀವಂತ ಕೋಳಿಯ ಉತ್ಪಾದನಾ ವೆಚ್ಚ ಕೆ.ಜಿ.ಗೆ ಸುಮಾರು 7 ರೂಪಾಯಿ ಇಳಿಯುತ್ತದೆ.

ಗ್ರಾಹಕ ಕೊಳ್ಳುವುದು ಜೀವಂತ ಕೋಳಿಯನ್ನಲ್ಲ, ಮಾಂಸವನ್ನು. ಪುಕ್ಕ, ರಕ್ತ, ಕರುಳು, ತಲೆ, ಕಾಲು, ಚರ್ಮ ಕಳೆದ ಮೇಲೆ ಒಂದು ಕೆ.ಜಿ. ಕೋಳಿಯಲ್ಲಿ ಉಳಿಯುವುದು ಸುಮಾರು ಮುಕ್ಕಾಲು ಕೆ.ಜಿ.ಗೂ ಕಡಿಮೆ, ಚರ್ಮರಹಿತ ಮಾಂಸವಾದರೆ ಮೂರನೆಯ ಎರಡು ಭಾಗದಷ್ಟು. ಆದ್ದರಿಂದ ಆ 7 ರೂಪಾಯಿಯ ಇಳಿಕೆ ಮಾಂಸದ ಮಟ್ಟದಲ್ಲಿ ಕೆ.ಜಿ.ಗೆ ಹತ್ತು ರೂಪಾಯಿಯಷ್ಟಾಗುತ್ತದೆ. ಅಂದರೆ ಮೆಕ್ಕೆಜೋಳದ ಬೆಳೆಗಾರ ಬೀದಿಗೆ ಬರುವಷ್ಟು ದರ ಕುಸಿದು, ಅದರ ಲಾಭ ಎಲ್ಲಿಯೂ ಸೋರದೆ ಗ್ರಾಹಕನನ್ನೇ ತಲುಪಿದರೂ ಆತನಿಗೆ ಉಳಿಯುವುದು ಹತ್ತು ರೂಪಾಯಿ. ಒಂದು ಹಬ್ಬದ ವಾರದಲ್ಲಿ ಕೋಳಿಯ ದರ ಇದಕ್ಕಿಂತ ಹೆಚ್ಚು ಏರಿಳಿಯುತ್ತದೆ.

ಇದೇ ಲೆಕ್ಕ ಅಂಗಡಿಯವನ ಪರವಾಗಿಯೂ ಒಂದು ಮಾತು ಹೇಳುತ್ತದೆ. ಜೀವಂತ ಕೋಳಿಯ ದರ ಕೆ.ಜಿ.ಗೆ 100 ರೂಪಾಯಿ ಎಂದು ಓದಿದ ಗ್ರಾಹಕ, ಅಂಗಡಿಯಲ್ಲಿ 200 ರೂಪಾಯಿ ಕೊಡುವಾಗ ದುಪ್ಪಟ್ಟು ಲೂಟಿಯೆಂದು ಭಾವಿಸುತ್ತಾನೆ. ವಾಸ್ತವವಾಗಿ ಚರ್ಮರಹಿತ ಮಾಂಸದ ಮೂಲ ವೆಚ್ಚವೇ ಅಲ್ಲಿ 150 ರೂಪಾಯಿ. ಸಾಗಣೆಯಲ್ಲಿ ಸಾಯುವ ಕೋಳಿ, ದಾರಿಯಲ್ಲಿ ಇಳಿಯುವ ತೂಕ, ಅಂಗಡಿ ಬಾಡಿಗೆ, ಕತ್ತರಿಸುವವನ ಕೂಲಿ, ನೀರು, ವಿದ್ಯುತ್, ತ್ಯಾಜ್ಯ ವಿಲೇವಾರಿ ಇವೆಲ್ಲವೂ ಉಳಿದ 50 ರೂಪಾಯಿಯಲ್ಲಿ ಮುಗಿಯಬೇಕು. ಅಲ್ಲಿ ಲಾಭವಿಲ್ಲವೆಂದಲ್ಲ, ಕಣ್ಣಿಗೆ ಕಾಣುವಷ್ಟಿಲ್ಲ ಎಂಬುದು ಸರಿ.

ಯಾರ ಪಾಲು ಎಷ್ಟು?

ಭಾರತೀಯ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಪತ್ರಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆಗಾರನಿಗೆ ಸಿಗುವುದು 33 ಪೈಸೆ, ಈರುಳ್ಳಿ ಬೆಳೆಗಾರನಿಗೆ 36 ಪೈಸೆ. ಹಾಲಿನಲ್ಲಿ ಉತ್ಪಾದಕನ ಪಾಲು ಸುಮಾರು 70 ಪೈಸೆ, ಮೊಟ್ಟೆಯಲ್ಲಿ 75. ಕೋಳಿಮಾಂಸದಲ್ಲಿ ಈ ಪಾಲು 56 ಪೈಸೆ. ಮೇಲ್ನೋಟಕ್ಕೆ ತರಕಾರಿ ಬೆಳೆಯುವವನಿಗಿಂತ ಕೋಳಿ ಸಾಕುವವನ ಸ್ಥಿತಿ ಉತ್ತಮವೆಂದೇ ತೋರುತ್ತದೆ.

ಆದರೆ ಆ 56 ಪೈಸೆ ಸಾಕುವ ರೈತನೊಬ್ಬನದಲ್ಲ, ಆತನೂ ಸಂಗ್ರಹಿಸಿ ಮಾರುವ ಸಂಸ್ಥೆಯೂ ಸೇರಿ ಪಡೆಯುವ ಪಾಲು. ಮಾಂಸದ ಕೋಳಿಯ ಉದ್ದಿಮೆಯನ್ನು ಅರಿಯಬೇಕಾದರೆ ಈ ಜೋಡಿಯನ್ನು ಬಿಡಿಸಿ ನೋಡಬೇಕು.

ದಕ್ಷಿಣ ಭಾರತದಲ್ಲಿ ಬ್ರಾಯ್ಲರ್ ಸಾಕಣೆಯ ಬಹುಪಾಲು ಇಂದು ಗುತ್ತಿಗೆ ಪದ್ಧತಿಯಲ್ಲಿ ನಡೆಯುತ್ತಿದೆ. ತಮಿಳುನಾಡಿನ ಉಡುಮಲೈ, ಪಲ್ಲಡಂ, ಕೊಯಮತ್ತೂರು ಸೀಮೆಯಲ್ಲಿ 1990ರ ದಶಕದಲ್ಲಿ ಬೇರೂರಿದ ಈ ಪದ್ಧತಿ ಕರ್ನಾಟಕಕ್ಕೂ ಹಬ್ಬಿತು. ಕಂಪನಿಯು ಒಂದು ದಿನದ ಮರಿ, ಆಹಾರ, ಔಷಧಿ ಕೊಡುತ್ತದೆ. ರೈತ ಶೆಡ್ಡು ಕಟ್ಟಿ, ಹೊಟ್ಟು ಹಾಸಿ, ಮರಿಗೆ ಶಾಖ ಕೊಟ್ಟು, ನೀರು ವಿದ್ಯುತ್ತಿನ ಖರ್ಚು ಹೊತ್ತು ಸುಮಾರು 40 ದಿನ ಸಾಕುತ್ತಾನೆ. ಕೋಳಿ ಎರಡು ಕೆ.ಜಿ. ಆಸುಪಾಸಿಗೆ ಬಂದಾಗ ಕಂಪನಿಯ ಲಾರಿ ಬಂದು ಒಯ್ಯುತ್ತದೆ. ರೈತನಿಗೆ ಸಿಗುವುದು ಸಾಕಣೆ ಕೂಲಿ, ಕೆ.ಜಿ.ಗೆ ಕೆಲವೇ ರೂಪಾಯಿ. ಸತ್ತ ಮರಿಗಳ ಸಂಖ್ಯೆ ಹೆಚ್ಚಾದರೆ, ಆಹಾರ ಹೆಚ್ಚು ಖರ್ಚಾದರೆ ಅದರಲ್ಲೂ ಕಡಿತ.

ಈ ಏರ್ಪಾಟಿನಲ್ಲಿ ಒಂದು ಗುಣವಿದೆ. ಮಾರುಕಟ್ಟೆ ದರ ನೆಲಕಚ್ಚಿದಾಗ ಗುತ್ತಿಗೆ ರೈತನು ಪೂರ್ತಿ ಮುಳುಗುವುದಿಲ್ಲ, ಕಂಪನಿ ನಷ್ಟ ಹೊರುತ್ತದೆ. ಒಂದು ದೋಷವೂ ಇದೆ. ನಗರದಲ್ಲಿ ಚಿಕನ್ ಮುನ್ನೂರು ರೂಪಾಯಿ ಮುಟ್ಟಿದರೂ ಆತನ ಕೂಲಿ ತಾನಾಗಿ ಏರುವುದಿಲ್ಲ. ಅಂಗಡಿಯಲ್ಲಿ ಗ್ರಾಹಕ ಹೆಚ್ಚಿಗೆ ಕೊಟ್ಟ ಹಣ ಸಾಕಿದವನ ಮನೆಗೆ ಹೋಗುತ್ತಿದೆಯೆಂದು ಭಾವಿಸುವಂತಿಲ್ಲ.

ಕಾಯಬಲ್ಲವನೇ ಗೆಲ್ಲುತ್ತಾನೆ

ಮಾಂಸದ ಸರಪಳಿಯು ಸಿಮೆಂಟು, ಬಟ್ಟೆಗಳ ಸರಪಳಿಯಂತಲ್ಲ. ಗೋದಾಮಿನಲ್ಲಿ ಬೀಗ ಹಾಕಿಟ್ಟು ದರ ಬಂದಾಗ ತೆಗೆಯುವ ಸರಕು ಇದಲ್ಲ. ತೂಕ ಬಂದ ಕೋಳಿಯನ್ನು ಇನ್ನೊಂದು ವಾರ ಇಟ್ಟುಕೊಂಡರೆ ಅದು ತಿನ್ನುತ್ತಲೇ ಇರುತ್ತದೆ. ತಿಂದದ್ದಕ್ಕೆ ತಕ್ಕ ತೂಕ ಏರುವುದಿಲ್ಲ, ಬೇಸಗೆಯಲ್ಲಿ ಸಾಯುವ ಭಯ ಬೇರೆ. ಆದ್ದರಿಂದ ಈ ಸರಪಳಿಯಲ್ಲಿ ಯಾರಿಗೆ ಕಾಯುವ ಶಕ್ತಿಯಿದೆಯೋ ಅವರ ಮಾತು ನಡೆಯುತ್ತದೆ. ಕಾಯಲಾಗದವರು ಕೊಟ್ಟ ದರಕ್ಕೆ ಕೊಡುತ್ತಾರೆ, ಕೇಳಿದ ದರಕ್ಕೆ ಕೊಳ್ಳುತ್ತಾರೆ. ಮಾಂಸದ ಬೆಲೆಯ ಏರಿಳಿತಗಳ ಹಿಂದಿರುವ ಮೂಲ ಸೂತ್ರ ಇದೇ.

ಸ್ವಂತ ಬಂಡವಾಳದಲ್ಲಿ ಸಾಕುವ ಸಣ್ಣ ರೈತ ಕಾಯಲಾರ. ದಿನದ ವ್ಯಾಪಾರವನ್ನೇ ನಂಬಿದ ಚಿಲ್ಲರೆ ಅಂಗಡಿಯವನೂ ಕಾಯಲಾರ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಬಂಧುಗಳನ್ನು ಕರೆದ ಗೃಹಸ್ಥನೂ ಕಾಯಲಾರ. ನಡುವೆ ಮರಿ, ಆಹಾರ, ಸಾಗಣೆ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದಿರುವ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸ್ವಲ್ಪಮಟ್ಟಿಗೆ ಕಾಯುವ ತ್ರಾಣವಿದೆ. ಕೋಳಿಯನ್ನು ಕಾಯಿಸಲು ಅವರಿಂದಲೂ ಆಗದು. ಆದರೆ ಎಷ್ಟು ಮರಿ ಬಿಡಬೇಕೆಂಬುದನ್ನು ನಿರ್ಧರಿಸುವುದು ಅವರ ಕೈಯಲ್ಲಿದೆ.

ಮರಿ ಬಿಡುವ ಈ ನಿರ್ಧಾರವೇ ಎರಡು ತಿಂಗಳ ನಂತರದ ಬೆಲೆಯನ್ನು ಬರೆದಿಡುತ್ತದೆ. ಮೊಟ್ಟೆ ಮರಿಯಾಗಲು 21 ದಿನ, ಮರಿ ಮಾರುಕಟ್ಟೆಯ ಕೋಳಿಯಾಗಲು ಸುಮಾರು 40 ದಿನ. ಮರಿಗಳ ತಾಯಿಕೋಳಿಗಳ ಸಂಖ್ಯೆಯನ್ನೇ ಹೆಚ್ಚಿಸಬೇಕೆಂದರೆ ಅವು ಮೊಟ್ಟೆಯಿಡಲು ತೊಡಗುವುದಕ್ಕೆ ಸುಮಾರು ಆರು ತಿಂಗಳು ಕಾಯಬೇಕು. ಇಂದು ಬೇಡಿಕೆ ಏರಿದರೆ ನಾಳೆ ಕೋಳಿ ಹುಟ್ಟಿಸಲಾಗದು, ಇಂದು ಬೇಡಿಕೆ ಬಿದ್ದರೆ ಶೆಡ್ಡಿನಲ್ಲಿರುವ ಕೋಳಿಯನ್ನು ಹಿಂದಕ್ಕೆ ಕಳುಹಿಸಲಾಗದು.

2020ರಲ್ಲಿ ಈ ಮಾತಿಗೆ ಕ್ರೂರವಾದ ಸಾಕ್ಷ್ಯ ದೊರೆಯಿತು. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವದಂತಿ ಆ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರವೂ ದೃಢಪಟ್ಟಿತು. ಫಾರಂ ಮಟ್ಟದ ದರ ಪಾತಾಳ ಕಂಡಿತು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಸಾಕಣೆದಾರರೊಬ್ಬರು ಸಾವಿರಾರು ಜೀವಂತ ಕೋಳಿಗಳನ್ನು ಹೊಂಡ ತೋಡಿ ಹೂಳಿದ ದೃಶ್ಯ ರಾಜ್ಯವನ್ನು ಕಲಕಿತು. ಮರಿ ಬಿಡುವುದು ನಿಂತಿತು. ಲಾಕ್‌ಡೌನ್ ಜಾರಿಗೆ ಬಂದ ಕೆಲವೇ ವಾರಗಳಲ್ಲಿ ವದಂತಿ ಕರಗಿ, ಮನೆಯಲ್ಲೇ ಕುಳಿತ ಜನ ಮತ್ತೆ ಕೋಳಿ ಕೇಳಿದಾಗ ಶೆಡ್ಡುಗಳು ಖಾಲಿಯಾಗಿದ್ದವು. ಮೇ ತಿಂಗಳ ಹೊತ್ತಿಗೆ ಅದೇ ಕೋಳಿಯ ದರ ಗಗನಮುಖಿಯಾಯಿತು. ಮಾರ್ಚ್‌ನಲ್ಲಿ ಹೂತವನಿಗೆ ಮೇ ತಿಂಗಳ ಏರುದರದಲ್ಲಿ ಪಾಲಿರಲಿಲ್ಲ. ಮೇ ತಿಂಗಳಲ್ಲಿ ಕೊಂಡವನಿಗೆ ಮಾರ್ಚ್‌ನ ಅಗ್ಗದ ಪ್ರಯೋಜನ ಆಗಿರಲಿಲ್ಲ.

ಏರುವಾಗ ಓಟ, ಇಳಿಯುವಾಗ ತೆವಳು

ಗ್ರಾಹಕನ ಇನ್ನೊಂದು ದೂರು ಹಳೆಯದು. ಸಗಟು ದರ ಏರಿದ ದಿನವೇ ಅಂಗಡಿಯ ಫಲಕದ ಮೇಲಿನ ಅಂಕಿ ಬದಲಾಗುತ್ತದೆ, ಇಳಿದಾಗ ಮಾತ್ರ ವಾರ ಕಳೆದರೂ ಬದಲಾಗದು. ಈ ದೂರಿನಲ್ಲಿ ಹುರುಳಿದೆ. ಪಲ್ಲಡಂನ ಬ್ರಾಯ್ಲರ್ ಸಮನ್ವಯ ಸಮಿತಿಯು ಜೀವಂತ ಕೋಳಿಯ ದರವನ್ನು ಪ್ರತಿದಿನ ಪ್ರಕಟಿಸುತ್ತದೆ. ಸಗಟು ವ್ಯಾಪಾರಿಗಳು ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಆದರೆ ಬಸವನಗುಡಿಯ ಅಥವಾ ಹುಬ್ಬಳ್ಳಿಯ ಗ್ರಾಹಕನಿಗೆ ಅದು ಗೊತ್ತಾಗುವ ದಾರಿ ಕಡಿಮೆ. ಗೊತ್ತಿಲ್ಲದವನ ಮುಂದೆ ದರ ಇಳಿಸುವ ತುರ್ತು ಯಾರಿಗೂ ಇರುವುದಿಲ್ಲ.

ಇದರ ಜತೆಗೆ ಇನ್ನೊಂದು ಕಾರಣವಿದೆ. ಶ್ರಾವಣ ಮಾಸ ಬಂದರೆ ಅನೇಕ ಮನೆಗಳಲ್ಲಿ ಮಾಂಸ ವರ್ಜ್ಯ. ಕೋಳಿಯ ಫಾರಂ ದರ ಇಳಿಯುವುದು ಆಗಲೇ. ಆದರೆ ದಿನಕ್ಕೆ ನೂರು ಕೆ.ಜಿ. ಮಾರುತ್ತಿದ್ದ ಅಂಗಡಿಯವನು ಆಗ ಮಾರುವುದು ಐವತ್ತು ಕೆ.ಜಿ. ಬಾಡಿಗೆಯೂ ಕೂಲಿಯೂ ಅರ್ಧವಾಗುವುದಿಲ್ಲ. ಪ್ರತಿ ಕೆ.ಜಿ.ಯ ಮೇಲೆ ಬೀಳುವ ಖರ್ಚು ದುಪ್ಪಟ್ಟಾಗುತ್ತದೆ. ಹೀಗಾಗಿ ಸಾಕುವವನಿಗೆ ದರ ಕುಸಿದ ಕಾಲದಲ್ಲಿಯೇ ಫಾರಂ ಬೆಲೆಗೂ ಅಂಗಡಿ ಬೆಲೆಗೂ ನಡುವಿನ ಅಂತರ ಹಿಗ್ಗುತ್ತದೆ. ಯುಗಾದಿಯ ಹೊತ್ತಿಗೆ ಸ್ಥಿತಿ ತಿರುಗುಮುರುಗಾಗುತ್ತದೆ. ಬಿಸಿಲಿಗೆ ಕೋಳಿ ತಿನ್ನುವುದು ಕಡಿಮೆ, ಬೆಳೆಯುವುದು ನಿಧಾನ, ಸಾವು ಹೆಚ್ಚು. ಪೂರೈಕೆ ಸೊರಗಿದ ಅದೇ ದಿನಗಳಲ್ಲಿ ಹೊಸತೊಡಕು ಬರುತ್ತದೆ.

ಆಹಾರ ಧಾನ್ಯದ ಕಡೆಯಿಂದ ಬರುವ ಏಟು ಇನ್ನೂ ದೂರದ್ದು. 2021ರ ಮಧ್ಯಭಾಗದಲ್ಲಿ ಸೋಯಾ ಹಿಂಡಿಯ ದರ ಟನ್ನಿಗೆ ಒಂದು ಲಕ್ಷ ರೂಪಾಯಿಯ ಆಸುಪಾಸಿಗೆ ಏರಿದಾಗ ಕೇಂದ್ರ ಸರ್ಕಾರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. 2024ರ ಜನವರಿಯಲ್ಲಿ ಮೆಕ್ಕೆಜೋಳದಿಂದ ತಯಾರಿಸಿದ ಎಥನಾಲ್‌ಗೆ ತೈಲ ಕಂಪನಿಗಳು ಲೀಟರಿಗೆ 5.79 ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿದವು. ಕೋಳಿಯ ತಟ್ಟೆಗೆ ವಾಹನದ ಟ್ಯಾಂಕು ಪ್ರತಿಸ್ಪರ್ಧಿಯಾಯಿತು. ಜೋಳದ ದರ ಏರಿದಾಗ ಬೆಳೆಗಾರ ನಕ್ಕ, ಕೋಳಿ ಉದ್ದಿಮೆ ಸುಂಕರಹಿತ ಆಮದಿಗೆ ಮೊರೆಯಿಟ್ಟಿತು. 2025ರ ಕೊನೆಗೆ ಚಿತ್ರ ಮಗುಚಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಇಂಧನ ನೀತಿ ಒಂದು ಕಡೆ, ಆಹಾರ ನೀತಿ ಇನ್ನೊಂದು ಕಡೆ ಎಳೆಯುತ್ತಿರುವಾಗ ಮಾಂಸದ ಬೆಲೆ ಸ್ಥಿರವಾಗಿರಲಿ ಎಂದು ಬಯಸುವುದು ಕಷ್ಟ.

ಟವೆಲಿನಡಿಯ ಬೆರಳುಗಳು

ಮಟನ್‌ನ ಕಥೆ ಇನ್ನೂ ಭಿನ್ನ. ದೇಶದಲ್ಲಿ 2023–24ರಲ್ಲಿ ಉತ್ಪಾದನೆಯಾದ ಸುಮಾರು 1.02 ಕೋಟಿ ಟನ್ ಮಾಂಸದಲ್ಲಿ ಅರ್ಧದಷ್ಟು ಕೋಳಿಯದು. ಕೋಳಿಯ ಸರಪಳಿ ಕಂಪನಿಗಳ ಕೈಯಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದರೆ, ಕುರಿಯ ಸರಪಳಿ ಸಡಿಲ, ಉದ್ದ ಮತ್ತು ಹಳೆಯದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ಮೂರನೆಯ ಸ್ಥಾನ ನಮ್ಮದು. ಇಷ್ಟಿದ್ದೂ ಮಟನ್ ಬೆಲೆ ಚಿಕನ್ ಬೆಲೆಯ ಮೂರು ಪಟ್ಟಿನ ಆಸುಪಾಸಿನಲ್ಲಿದೆ.

ಕಾರಣಗಳಲ್ಲಿ ಮೊದಲನೆಯದು ಪ್ರಕೃತಿಯದು. ಕುರಿಯ ಗರ್ಭ ಐದು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ, ಅದು ಸಂತೆಗೆ ಬರಲು ಮತ್ತೆ ಆರು ತಿಂಗಳಿಂದ ವರ್ಷ. ಎರಡನೆಯದು ವ್ಯವಸ್ಥೆಯದು. ಅಮೀನಗಡ, ಕೆರೂರು, ಶಿರಾದಂತಹ ಕುರಿ ಸಂತೆಗಳಲ್ಲಿ ವ್ಯಾಪಾರ ನಡೆಯುವುದು ತಕ್ಕಡಿಯಿಂದಲ್ಲ, ಕಣ್ಣಂದಾಜಿನಿಂದ. ಟವೆಲಿನಡಿ ಬೆರಳು ಹಿಡಿದು ದರ ಕುದುರಿಸುವ ರೂಢಿ ಇಂದಿಗೂ ಕೆಲವೆಡೆ ಉಳಿದಿದೆ. ಮೂವತ್ತು ಕೆ.ಜಿ. ತೂಗುವ ಕುರಿಯಿಂದ ದೊರೆಯುವ ಮಾಂಸ ಹದಿನಾಲ್ಕು ಕೆ.ಜಿ. ಆಸುಪಾಸು. ನಿತ್ಯವೂ ಕುರಿ ಮುಟ್ಟಿ ನೋಡುವ ವ್ಯಾಪಾರಿಯ ಅಂದಾಜು ತಪ್ಪುವುದು ಅಪರೂಪ. ವರ್ಷಕ್ಕೆ ನಾಲ್ಕಾರು ಬಾರಿ ಸಂತೆಗೆ ಬರುವ ಕುರಿಗಾಹಿಯ ಅಂದಾಜು ಎರಡು ಕೆ.ಜಿ. ತಪ್ಪಿದರೂ ಇಂದಿನ ದರದಲ್ಲಿ ಆತ ಕಳೆದುಕೊಳ್ಳುವುದು ಸಾವಿರ ರೂಪಾಯಿಗೂ ಮಿಕ್ಕಿ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕುರಿ ಹೊಡೆದುಕೊಂಡು ಬಂದವನು ಅದನ್ನು ಮರಳಿ ಹೊಡೆದುಕೊಂಡು ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಇಲ್ಲಿಯೂ ಕಾಯಲಾರದವನೇ ಸೋಲುತ್ತಾನೆ.

ಮೂರನೆಯ ಕಾರಣ ಬಹುಮಂದಿಯ ಗಮನಕ್ಕೆ ಬಾರದ್ದು. ಕುರಿಯೆಂದರೆ ಮಾಂಸವಷ್ಟೇ ಅಲ್ಲ. ತಲೆಕಾಲು, ಬೋಟಿ, ಚರ್ಮ ಎಲ್ಲಕ್ಕೂ ಬೆಲೆಯಿತ್ತು. ಕೃತಕ ಚರ್ಮದ ಪೈಪೋಟಿಯಿಂದ ಹಾಗೂ ಹದ ಮಾಡುವ ಉದ್ದಿಮೆಯ ಹಿನ್ನಡೆಯಿಂದ ಕುರಿ ಚರ್ಮದ ದರ ಕುಸಿದಿದೆ. ಹಿಂದೆ ಚರ್ಮದಿಂದ ಬರುತ್ತಿದ್ದ ಹಣವನ್ನು ಈಗ ಮಾಂಸವೇ ತುಂಬಿಕೊಡಬೇಕು. ಇದಕ್ಕೆ ನೆರೆರಾಜ್ಯದ ಬೇಡಿಕೆಯೂ ಸೇರುತ್ತದೆ. ತೆಲಂಗಾಣ ಸರ್ಕಾರ 2017ರಲ್ಲಿ ಶೇ. 75 ಸಹಾಯಧನದಲ್ಲಿ ಕುರಿ ವಿತರಿಸುವ ಬೃಹತ್ ಯೋಜನೆ ಆರಂಭಿಸಿದಾಗ ಕರ್ನಾಟಕವೂ ಸೇರಿದಂತೆ ಹೊರರಾಜ್ಯಗಳಿಂದ ಕುರಿ ಕೊಳ್ಳಲಾಯಿತು. ಇಲ್ಲಿನ ಸಂತೆಗಳಲ್ಲಿ ಬೆಂಗಳೂರಿನ ಅಂಗಡಿಯವನ ಎದುರು ಮತ್ತೊಬ್ಬ ಕೊಳ್ಳುಗ ನಿಂತಂತಾಯಿತು.

ದರ ನಿಗದಿ ಮದ್ದಲ್ಲ

ಬೆಲೆ ಏರಿದಾಗ ಆಡಳಿತಕ್ಕೆ ತಕ್ಷಣ ನೆನಪಾಗುವ ಉಪಾಯ ಗರಿಷ್ಠ ದರ ನಿಗದಿ. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಲ್ಲಿ ಮಟನ್ ವಿಷಯದಲ್ಲಿ ಈ ಪ್ರಯತ್ನವೂ ನಡೆಯಿತು. ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಹಿಡಿದು ಜಗ್ಗುವ ಕ್ರಮ ಇದು. ಸಂತೆಯಲ್ಲಿ ಕುರಿಯ ದರ ಏರಿರುವಾಗ ಅಂಗಡಿಯಲ್ಲಿ ಮಾಂಸದ ದರ ಕಟ್ಟಿಹಾಕಿದರೆ ಅಂಗಡಿ ಮುಚ್ಚುತ್ತದೆ, ಇಲ್ಲವೇ ತೂಕದಲ್ಲಿಯೂ ಗುಣಮಟ್ಟದಲ್ಲಿಯೂ ಕೈಚಳಕ ನಡೆಯುತ್ತದೆ.

ಮಾಡಬೇಕಾದ ಕೆಲಸ ಬೇರೆ. ಮೊದಲನೆಯದಾಗಿ, ಫಾರಂ ದರ, ಸಗಟು ದರ, ಚಿಲ್ಲರೆ ದರ ಮೂರನ್ನೂ ಪ್ರತಿದಿನ ಒಂದೇ ಪಟ್ಟಿಯಲ್ಲಿ ಜಿಲ್ಲಾವಾರು ಪ್ರಕಟಿಸುವ ಹೊಣೆಯನ್ನು ಪಶುಸಂಗೋಪನಾ ಇಲಾಖೆ ಹೊರಬೇಕು. ಅಂಗೈಯಲ್ಲಿ ಮೊಬೈಲು ಇರುವ ಗ್ರಾಹಕನಿಗೆ ಆ ಪಟ್ಟಿ ಕಂಡರೆ ಇಳಿದ ದರ ಫಲಕ ಮುಟ್ಟಲು ವಾರ ಬೇಕಾಗದು. ಎರಡನೆಯದಾಗಿ, ಪ್ರತಿಯೊಂದು ಕುರಿ ಸಂತೆಯಲ್ಲಿ ತೂಕದ ಯಂತ್ರ ಇರಬೇಕು, ತೂಕದ ಮೇಲೆ ವ್ಯಾಪಾರ ನಡೆಯಬೇಕು. ಕೋಟಿಗಟ್ಟಲೆ ಖರ್ಚಿನ ಯೋಜನೆಯಲ್ಲ ಇದು, ಇಚ್ಛಾಶಕ್ತಿ ಬೇಡುವ ಕೆಲಸ.

ಮೂರನೆಯದಾಗಿ, ಗುತ್ತಿಗೆ ರೈತನ ಕರಾರು ಕನ್ನಡದಲ್ಲಿ, ಸ್ಪಷ್ಟವಾಗಿ, ವಿದ್ಯುತ್ ಮತ್ತು ಕೂಲಿಯ ವೆಚ್ಚಕ್ಕೆ ತಕ್ಕಂತೆ ಪರಿಷ್ಕರಣೆಗೊಳ್ಳುವಂತೆ ಇರಬೇಕು. ಜಾನುವಾರು ಸಾಕಣೆಯನ್ನೂ ಒಳಗೊಂಡ ಮಾದರಿ ಗುತ್ತಿಗೆ ಕಾಯ್ದೆಯನ್ನು ಕೇಂದ್ರ 2018ರಲ್ಲಿಯೇ ರೂಪಿಸಿತ್ತು, ತಮಿಳುನಾಡು 2019ರಲ್ಲಿ ತನ್ನದೇ ಕಾನೂನು ಮಾಡಿತು. ಕಾನೂನು ಇದ್ದಮಾತ್ರಕ್ಕೆ ನ್ಯಾಯ ಸಿಕ್ಕಿತೆಂದಲ್ಲ, ಆದರೆ ದೂರು ಹೇಳಿಕೊಳ್ಳಲು ಒಂದು ಬಾಗಿಲಾದರೂ ಇರುತ್ತದೆ.

ನಾಲ್ಕನೆಯದು ವಧಾಗಾರ ಮತ್ತು ಶೀತಲ ವ್ಯವಸ್ಥೆ. ಶಿರಾ ತಾಲೂಕಿನಲ್ಲಿ ಕುರಿ, ಮೇಕೆಗಳ ಆಧುನಿಕ ವಧಾಗಾರದ ಯೋಜನೆ ರೂಪುಗೊಂಡದ್ದು ಉತ್ಪಾದನೆಯ ನೆಲದಲ್ಲಿಯೇ ಮಾಂಸ ಸಿದ್ಧವಾಗಲೆಂಬ ಆಶಯದಿಂದ. ನೂರು ಕಿಲೋಮೀಟರಿಗೂ ಆಚೆಗೆ ಜೀವಂತ ಕುರಿಯ ಬದಲು ಮಾಂಸವನ್ನು ಸಾಗಿಸಿದರೆ ಸಾಗಣೆ ವೆಚ್ಚವೂ ಇಳಿಯುತ್ತದೆ, ಪ್ರಾಣಿಗಳ ಯಾತನೆಯೂ ತಗ್ಗುತ್ತದೆ. ಆದರೆ ಕಣ್ಣೆದುರು ಕತ್ತರಿಸಿದ ಮಾಂಸವೇ ತಾಜಾ ಎಂಬ ನಮ್ಮ ನಂಬಿಕೆ ಬದಲಾಗದೆ ಇದು ಪೂರ್ಣ ಫಲ ಕೊಡದು. ಹೋಟೆಲುಗಳು, ವಸತಿ ನಿಲಯಗಳು, ಆಸ್ಪತ್ರೆಗಳು ಶೀತಲೀಕರಿಸಿದ ಮಾಂಸಕ್ಕೆ ಒಗ್ಗಿಕೊಂಡರೂ ಸಾಕು, ಶ್ರಾವಣದ ಮಿಗುತಾಯವನ್ನು ದಸರೆಗೆ ಉಳಿಸಿಕೊಳ್ಳುವ ದಾರಿ ತೆರೆಯುತ್ತದೆ. ಕಾಯುವ ಶಕ್ತಿ ಆಗ ಕೆಲವರ ಸೊತ್ತಾಗಿ ಉಳಿಯದು.

ಕೋಳಿ ಮತ್ತು ಕುರಿ ಬಡವರ, ಮಧ್ಯಮ ವರ್ಗದವರ ಪ್ರೋಟೀನಿನ ಮೂಲ. ಬೆಲೆ ಏರಿದಾಗ ಶ್ರೀಮಂತನ ತಟ್ಟೆ ಬದಲಾಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಕೆ.ಜಿ. ಕೊಳ್ಳುವ ಮನೆಯವರು ಹದಿನೈದು ದಿನಕ್ಕೊಮ್ಮೆ ಕೊಳ್ಳುತ್ತಾರೆ, ಮೊದಲು ಕಡಿಮೆಯಾಗುವುದು ಹೆಂಗಸರ, ಮಕ್ಕಳ ಪಾಲು. ಇತ್ತ ಸಾಕಿದವನು ಸಾಲದಲ್ಲಿ, ಅತ್ತ ತಿನ್ನುವವನು ಸಂಕಟದಲ್ಲಿ ಎಂಬ ಸ್ಥಿತಿಗೆ ಯಾರೋ ಒಬ್ಬ ಖಳನಾಯಕ ಕಾರಣನಲ್ಲ. ಪ್ರತಿ ಕೊಂಡಿಯಲ್ಲೂ ಮಾಹಿತಿ ಮುಚ್ಚಿಟ್ಟ, ಕಾಯಲಾರದವನನ್ನು ಕೈಬಿಟ್ಟ ವ್ಯವಸ್ಥೆಯೇ ಕಾರಣ. ಮುಂದಿನ ಹೊಸತೊಡಕಿಗೆ ಎಷ್ಟು ಕೋಳಿ ಬೇಕೆಂಬುದು ಪಂಚಾಂಗ ನೋಡಿದರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಎರಡು ತಿಂಗಳು ಮೊದಲೇ ಎಷ್ಟು ಮರಿ ಬಿಟ್ಟಿದ್ದಾರೆ ಎಂಬುದೂ ಸಾರ್ವಜನಿಕರಿಗೆ ತಿಳಿಯುವಂತಾದರೆ, ಹಬ್ಬದ ಮುನ್ನಾದಿನ ದಿಗಿಲುಬೀಳುವ ಪ್ರಮೇಯ ಅಷ್ಟರಮಟ್ಟಿಗೆ ಕಡಿಮೆಯಾದೀತು.